ಮಣ್ಣು ತುಂಬಿದ ಪೀಪಾಯಿ

ನಾನೊಂದು ಪೀಪಾಯಿ. ಓಕ್ ಮರದ ಹಲಗೆ, ಸೊಂಟಕ್ಕೆ ಮೂರು ಕಬ್ಬಿಣದ ಪಟ್ಟಿ. ನನ್ನನ್ನೂ ನನ್ನ ತಂಗಿಯನ್ನೂ ಒಬ್ಬನೇ ಬಡಗಿ ಒಂದೇ ದಿನ ಮಾಡಿದ. ರಷ್ಯಾದ ಪೀಟರ್ಸ್‌ಬರ್ಗಿನ ಚೀಸ್ ಅಂಗಡಿಯೊಂದಕ್ಕೆ ಇಬ್ಬರನ್ನೂ ಕೊಂಡರು. ಅವಳ ಹೊಟ್ಟೆಗೆ ಚೀಸ್ ಬಿತ್ತು. ನನ್ನ ಹೊಟ್ಟೆಗೆ ಬಿದ್ದದ್ದು ಮಣ್ಣು!

ಅಂಗಡಿ ಬರೀ ನೆಪ. ಗಂಡ ಹೆಂಡತಿ ಎಂದು ಹೇಳಿಕೊಂಡಿದ್ದ ಎಫಿಮ್, ಗ್ಲಾಫಿರಾ ಇಬ್ಬರೂ ಕ್ರಾಂತಿಕಾರಿಗಳು. ಭಾನುವಾರ ಚಕ್ರವರ್ತಿಯ ಸಾರೋಟು ಹಾಯುವ ಬೀದಿಯಡಿ ಸಿಡಿಮದ್ದು ಇಡಲು ಒಳಕೋಣೆಯಿಂದ ಸುರಂಗ ತೋಡುತ್ತಿದ್ದರು. ತೋಡಿದ ಮಣ್ಣನ್ನು ನನ್ನೊಳಗೆ ತುಂಬಿ, ಮುಚ್ಚಳ ಮುಚ್ಚಿ, ತಂಗಿಯ ಪಕ್ಕ ನಿಲ್ಲಿಸಿದರು. ಪಾಪ, ಅವರಿಗೆ ಚೀಸ್ ವ್ಯಾಪಾರದ ಗಂಧಗಾಳಿಯೂ ಗೊತ್ತಿರಲಿಲ್ಲ. ಯಾವುದು ಯಾವ ಚೀಸ್ ಎಂದು ಗಿರಾಕಿಗಳೇ ಹೇಳಿಕೊಡುತ್ತಿದ್ದರು.

ಬಂದವರೆಲ್ಲ ತಂಗಿಯ ಮುಚ್ಚಳ ತೆಗೆಯುವುದೇನು, ಮೂಸುವುದೇನು, "ಆಹಾ!" ಎನ್ನುವುದೇನು! ಗ್ಲಾಫಿರಾ ದಿನಾ ಅವಳ ಮೈ ಒರೆಸುತ್ತಿದ್ದಳು. ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ. ನನಗೋ ಹೊಟ್ಟೆ ಉರಿದುಹೋಗುತ್ತಿತ್ತು. ಒಂದೇ ಒಂದು ಸಲ ಯಾರಾದರೂ ನನ್ನ ಮುಚ್ಚಳ ತೆಗೆಯಲಿ ಎಂದು ಹಟಕ್ಕೆ ಬಿದ್ದು, ಬುಡದ ಹಲಗೆ ಸಡಿಲಿಸಿ ಕೆಸರುನೀರು ಜಿನುಗಿಸಿದೆ.

ಮರುದಿನವೇ ಪೊಲೀಸ್ ಅಧಿಕಾರಿಯೊಬ್ಬ ತಪಾಸಣೆಗೆ ಬಂದ. "ಇದೇನಮ್ಮಾ, ನೆಲ ಎಲ್ಲಾ ಒದ್ದೆ?" ಎನ್ನುತ್ತಾ ನನ್ನ ಮುಚ್ಚಳದ ಮೇಲೆ ಕೈಯಿಟ್ಟ. ತೆಗೆ, ತೆಗೆ ಎಂದು ನನ್ನ ಜೀವ ಕುಣಿಯಿತು.

"ಅಯ್ಯೋ, ಹುಳಿ ಕೆನೆ ಚೆಲ್ಲಿಬಿಟ್ಟೆ ಸಾಹೇಬ್ರೇ. ನಮ್ಮ ಯಜಮಾನ್ರಿಗೆ ಹೇಳ್ಬೇಡಿ, ಬೈತಾರೆ," ಎಂದು ಗ್ಲಾಫಿರಾ ನಕ್ಕಳು. ಅವನೂ ನಕ್ಕು ಹೊರಟುಹೋದ.

ಅವನು ಮರೆಯಾದದ್ದೇ ತಡ, ಎಫಿಮ್ ಒಳಕೋಣೆಯಿಂದ ಹೊರಬಂದ. ಅವಳು ನನ್ನ ಮೇಲೆ ಕುಸಿದು ತಬ್ಬಿಕೊಂಡಳು. "ಇದನ್ನ ತೆಗೆದಿದ್ರೆ ನಮ್ಗೆ ನೇಣೇ ಗತಿ ಕಣೋ ಎಫಿಮ್!" ಆಗ ನನಗೆ ಬುದ್ಧಿ ಬಂತು. ಹಲಗೆ ಬಿಗಿಮಾಡಲು ಎಷ್ಟು ಹೆಣಗಿದರೂ ಆಗಲಿಲ್ಲ.

ಆ ಭಾನುವಾರ ಚಕ್ರವರ್ತಿ ಬೇರೆ ದಾರಿ ಹಿಡಿದ. ಕಾಲುವೆಯ ಬದಿಯಲ್ಲಿ ಇವರ ಸಂಗಡಿಗರು ಎಸೆದ ಬಾಂಬಿಗೆ ಸತ್ತ. ದಿನಗಟ್ಟಲೆ ಮಣ್ಣು ನುಂಗಿದ್ದು ನಾನು, ಹೆಸರು ಬಂದದ್ದು ಅಂಗೈಯಗಲದ ಆ ಬಾಂಬಿನ ಡಬ್ಬಿಗೆ! ಸುಳ್ಳೇಕೆ, ಅದರ ಮೇಲೂ ಹೊಟ್ಟೆಕಿಚ್ಚು ಪಟ್ಟೆ. ಎಫಿಮ್, ಗ್ಲಾಫಿರಾ ಅಂಗಡಿ ಬಿಟ್ಟು ಓಡಿದರು.

ಪೊಲೀಸರು ಕೆಸರಿನ ಜಾಡು ಹಿಡಿದು ನೇರ ನನ್ನ ಬಳಿಗೇ ಬಂದರು. ಮುಚ್ಚಳ ತೆಗೆದರು. ಸುರಂಗ ಸಿಕ್ಕಿತು, ಆಮೇಲೆ ಗ್ಲಾಫಿರಾಳೂ ಸಿಕ್ಕಿಬಿದ್ದಳು. ನ್ಯಾಯಾಲಯದಲ್ಲಿ ನನ್ನನ್ನು ನಟ್ಟನಡುವೆ ನಿಲ್ಲಿಸಿದರು. ಬಂದವರೆಲ್ಲ ನನ್ನೊಳಗೆ ಇಣುಕಿದರು. ನನ್ನ ಆಸೆ ತೀರಿತು. ಅವಳಿಗೆ ನೇಣಾಯಿತು.

ಈಗ ಉಗ್ರಾಣದ ಮೂಲೆಯಲ್ಲಿದ್ದೇನೆ. ತಂಗಿ ಯಾರದೋ ಅಡುಗೆಮನೆ ಸೇರಿದಳಂತೆ, ಸೇರಲಿ ಬಿಡಿ. ಕಟಕಟೆಯಿಂದ ಇಳಿಯುವಾಗ ಗ್ಲಾಫಿರಾ ನನ್ನ ಬುಡದ ಬಿರುಕು ಸವರಿದ್ದಳು. "ಪಾಪ, ಎಷ್ಟಂತ ಭಾರ ಹೊರುತ್ತೆ ಇದು," ಎಂದಿದ್ದಳು. ಬಿರುಕು ಬಿಟ್ಟದ್ದು ಭಾರಕ್ಕಲ್ಲಮ್ಮಾ ಎನ್ನಬೇಕಿತ್ತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ.