ಎರಡನೇ ಪರದೆ

ವೃಷಭ ಮಾನಿಟರಿನ ವೈರುಗಳನ್ನು ಕೀಳುತ್ತಿದ್ದ. ಸ್ನಾನ ಮಾಡಿಸಿದ ಸಮದನ ಮಯ್ಯತ್ ಇಡಲು ಪಡಸಾಲೆ ತೆರವಾಗಬೇಕಿತ್ತು. ಬೆಳಗಾವಿಯ ಲಗ್ನಪತ್ರಿಕೆ ಅಂಗಡಿಯಲ್ಲಿ ಅವನೂ ಸಮದನೂ ಪಾಲುದಾರರು. ನಿನ್ನೆ ಅಲ್ಲಿಯೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ ಸಮದನನ್ನು ಖಾನಾಪುರದ ಮನೆಗೆ ತಂದವನೂ ಅವನೇ.

“ಭಾಬಿ, ತಪ್ಪ ತಿಳ್ಕೋಬ್ಯಾಡ್ರಿ. ಗಿರಾಕಿ ಕಾರ್ಡು ಈ ಕಂಪ್ಯೂಟರಿನ್ಯಾಗ ಐತ್ರಿ, ಇವತ್ತ ಛಾಪಿಸಬೇಕು. ಒಳಗಿಟ್ಟು ಒಂದೀಟು ಚಾಲೂ ಮಾಡ್ಲೇನು?”

ಒಳಕೋಣೆಯಲ್ಲಿ ಸಮದನ ತಾಯಿ ಮದರಬೀ ಲಕ್ವ ಹೊಡೆದು ಮಲಗಿದ್ದಳು. ಅತ್ತೆಯ ಬಾಯಿ ಒರೆಸುತ್ತಿದ್ದ ಸಮದನ ಹೆಂಡತಿ ತಸ್ಲೀಮಾ ಹೂಂ ಎಂದು ತಲೆಯಾಡಿಸಿ ಹೇಳಿದಳು:

“ಒಂದ ಮಾನಿಟರ್ ಹತ್ತತೈತ್ರಿ. ಇನ್ನೊಂದಕ್ಕ ಡ್ರೈವರ್ ಕುಂದ್ರಂಗಿಲ್ಲ.”

*

ಆ ಎರಡನೇ ಮಾನಿಟರನ್ನು ಬೆಳಗಾವಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ಅವಳೇ. ಅತ್ತೆ ಹಾಸಿಗೆ ಹಿಡಿದ ಮೇಲೆ ಅವಳು ಬಾಲವಾಡಿಯ ನೌಕರಿ ಬಿಟ್ಟಿದ್ದಳು. ಎರಡು ಪರದೆ ಇದ್ದರೆ ಮನೆಯಲ್ಲೇ ಕೆಲಸ ಮಾಡುವೆ, ಅಮ್ಮನನ್ನು ನಾನು ನೋಡಿಕೊಳ್ಳುವೆ, ನೀನು ಮತ್ತೆ ಮಕ್ಕಳಿಗೆ ಕಲಿಸು ಎಂದಿದ್ದ ಸಮದ.

ಮಾನಿಟರ್ ಬಂದರೂ ಕಪ್ಪಾಗಿಯೇ ಉಳಿಯಿತು. “ಇದು ಲಿನಕ್ಸ್. ಗ್ರಾಫಿಕ್ಸ್ ಡ್ರೈವರ್ ಕುಂದ್ರವಲ್ದು, ಅದಿಲ್ದ ಎರಡನೇ ಪರದೆ ಹತ್ತಂಗಿಲ್ಲ,” ಎಂದು ಅವನು ಮತ್ತೆ ಬೆಳಗಾವಿಯ ಬಸ್ಸು ಹತ್ತಿದ. ಅಂಗಡಿಯಲ್ಲೇ ಮಲಗಿ ಶುಕ್ರವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಡ್ರೈವರ್ ಎಂದರೇನೆಂದು ತಿಳಿಯದ ತಸ್ಲೀಮಾ ನಮಾಜಿನ ಕೊನೆಗೆ ಅದಕ್ಕೂ ಒಂದು ದುವಾ ಬೇಡುತ್ತಿದ್ದಳು.

*

ಪಡಸಾಲೆಯಲ್ಲಿ ಮಯ್ಯತ್ ಇಟ್ಟ ಮೇಲೆ ವೃಷಭ ಒಳಕೋಣೆಯಲ್ಲಿ ಕಂಪ್ಯೂಟರ್ ಚಾಲೂ ಮಾಡಿ, ಸೆಟ್ಟಿಂಗ್ ತೆರೆದು ಎಲ್ಲೋ ಒತ್ತಿದ. ಎರಡನೇ ಪರದೆ ಪಕ್ಕನೆ ಬೆಳಗಿತು.

“ಡ್ರೈವರ್ ಹಾಕಿದ್ರೇನ್ರಿ?”

“ಅದು ತಂದ ದಿನಾನ ಕುಂತಿತ್ತಲ್ರಿ. ಎರಡೂ ಹತ್ತಿದ್ವು ಅಂತ ನನಗ ಫೋಟೋನೂ ಕಳಿಸಿದ್ದ. ಆಮ್ಯಾಲ ಸೆಟ್ಟಿಂಗಿನ್ಯಾಗ ಇದೊಂದನ್ನ ಬಂದ್ ಮಾಡಿಟ್ಟಾನ.”

“ಯಾರು?”

ಆಗ ವೃಷಭನಿಗೆ ತಾನು ಏನು ಹೇಳಿದೆನೆಂಬುದು ಹೊಳೆಯಿತು. ಅವನು ಗಿರಾಕಿಯ ಕಾರ್ಡಿನ ಫೈಲು ಹುಡುಕತೊಡಗಿದ.

“ಹೇಳ್ರಿ ಭಾಯಿ.”

“ಮನ್ಯಾಗ ಕೆಲಸಾ ನಡದ್ರ ಬೆಳಗಾವಿಗೆ ಬರಾಕ ನನಗ ನೆವಾ ಎಲ್ಲೈತಿ ಅಂತ ನಕ್ಕಿದ್ದ. ಚ್ಯಾಷ್ಟಿ ಮಾಡಾಕತ್ತಾನ ಅನ್ಕೊಂಡಿದ್ನಿ.”

ಬೆಳಕು ಮುಖಕ್ಕೆ ಬಿದ್ದು ಮದರಬೀ ಕಣ್ಣು ತೆರೆದಳು. “ಸಮದ ಬಂದ್ನೇನ?”

“ಇಲ್ಲ ಅಮ್ಮೀ. ಹೊಂಟಾನ.”

ಬಾಗಿಲಲ್ಲಿ ನಾದಿನಿ ಜನ್ನತ ನಿಂತಿದ್ದಳು. “ಜನಾಜಾ ಎತ್ತತಾರ. ಭಾಬಿ, ಕಡೀ ಸಲ ಮಾರಿ ನೋಡ್ಬರ್ರಿ.”

ಪಡಸಾಲೆಯ ಹೆಂಗಸರು ದಾರಿ ಬಿಟ್ಟರು. ತಸ್ಲೀಮಾ ಬಾಗಿ ಗಂಡನ ಮುಖ ನೋಡಿದಳು. ಬೆನ್ನ ಹಿಂದೆ ಜನ್ನತ ತನ್ನ ಸರದಿಗಾಗಿ ಬಿಕ್ಕುತ್ತ ಕಾಯುತ್ತಿದ್ದಳು. ತಸ್ಲೀಮಾ ಕಫನ್ನಿನ ಬಿಳಿ ಬಟ್ಟೆಯ ಅಂಚು ಎಳೆದು ಆ ಮುಖವನ್ನು ಮುಚ್ಚಿದಳು.