ಅರ್ಧ ನಿಮಿಷ ತಡವಾಗಿ

ನನ್ನ ಗಂಡನಿಗೆ ನಮ್ಮ ಬೀದಿಯಲ್ಲಿ ‘ಗಂಟೆ ಸಾಹೇಬರು’ ಎಂದು ಹೆಸರು. ಊರಿನ ರೇಡಿಯೋ ನಿಲಯದಲ್ಲಿ ಉದ್ಘೋಷಕರಾಗಿದ್ದಷ್ಟು ಕಾಲ, ಬೆಳಿಗ್ಗೆ “ಈಗ ಸಮಯ ಸರಿಯಾಗಿ ಎಂಟು ಗಂಟೆ” ಎಂದು ಅವರು ಹೇಳಿದರೆ ಜನ ಕೈಗಡಿಯಾರ ತಿರುಗಿಸಿಕೊಳ್ಳುತ್ತಿದ್ದರು. ತರಕಾರಿ ತರಲು ಹೋಗಿ ಬರಿಗೈಯಲ್ಲಿ ಬರುವ ಮನುಷ್ಯ, ಅಲ್ಲಿ ಮಾತ್ರ ಒಂದು ಸೆಕೆಂಡೂ ಆಚೀಚೆ ಆದವರಲ್ಲ.

ನಿಲಯ ಮುಚ್ಚಿತು. ಅದರ ಜೊತೆ ಇವರ ಬಾಯಿಯೂ ಮುಚ್ಚಿತು. ಕಾಫಿ ಕೊಟ್ಟರೆ ಹ್ಞೂಂ, ಊಟಕ್ಕೆ ಕರೆದರೆ ಹ್ಞೂಂ. ಇಷ್ಟು ವರ್ಷ ಊರಿಗೆಲ್ಲ ಮಾತು ಬಡಿಸಿದವರು ನನಗೆ ಮಾತ್ರ ತಳ ಕೆರೆದು ಹಾಕುತ್ತಿದ್ದಾರಲ್ಲ ಎಂದು ಮೈ ಉರಿಯುತ್ತಿತ್ತು. ಬರಬರುತ್ತಾ ಉರಿ ಹೋಗಿ ಭಯ ಬಂತು.

ನನ್ನ ತಂಗಿಗೆ ಮೊಬೈಲ್ ರಿಪೇರಿ ಅಂಗಡಿ ಇದೆ. ಒಂದು ದಿನ ಅವಳೇ ಲ್ಯಾಪ್‌ಟಾಪು, ಮೈಕು ಹೊತ್ತು ತಂದು, “ಭಾವ, ಇಂಟರ್ನೆಟ್ ರೇಡಿಯೋ ಶುರು ಮಾಡಿ. ಟವರೂ ಬೇಡ, ಮ್ಯಾನೇಜರೂ ಬೇಡ” ಎಂದಳು. ನನ್ನ ಹೊಲಿಗೆ ಕೋಣೆ ಸ್ಟುಡಿಯೋ ಆಯಿತು. ಗೋಡೆಗೆಲ್ಲ ಕಂಬಳಿ, ಕಿಟಕಿಗೆ ಹಳೆಯ ಹಾಸಿಗೆ. ಹೊಲಿಗೆ ಯಂತ್ರ ಊಟದ ಮೇಜಿನ ಪಕ್ಕಕ್ಕೆ ಬಂದು ಕೂತಿತು. ಮನುಷ್ಯ ಮತ್ತೆ ಮಾತಾಡುತ್ತಿದ್ದರಲ್ಲ, ಅಷ್ಟು ಸಾಕಿತ್ತು.

ಮೊದಮೊದಲು ಪರದೆಯ ಮೇಲೆ ಕೇಳುಗರ ಸಂಖ್ಯೆ ಒಂದು. ಅದು ಅಡುಗೆಮನೆಯ ನಾನು. ಆಮೇಲೆ ನೆಂಟರು, ನೆಂಟರ ನೆಂಟರು, ಕೊನೆಗೆ ನಕಾಶೆ ಬಿಡಿಸಿ ಹುಡುಕಬೇಕಾದ ಊರುಗಳಿಂದಲೂ ಜನ ಬಂದರು. ಹಳೆಯ ನಿಲಯದ ದನಿ ಊರಾಚೆಯ ಗುಡ್ಡ ದಾಟುತ್ತಿರಲಿಲ್ಲ. ಈಗ ನನ್ನ ಹೊಲಿಗೆ ಕೋಣೆ ಸಮುದ್ರ ದಾಟುತ್ತಿತ್ತು. ಇವರು ಊಟಕ್ಕೆ ಕೂತರೂ ಮಾತು ನಿಲ್ಲಿಸುತ್ತಿರಲಿಲ್ಲ.

ಎಡವಟ್ಟಾದದ್ದು ಒಂದು ಸೀನಿನಿಂದ. ಕೋಣೆಯಲ್ಲಿ ಇವರು ಸೀನಿದ್ದು ಗೋಡೆಯಾಚೆಯಿಂದ ಕೇಳಿತು. ಅರ್ಧ ನಿಮಿಷದ ಮೇಲೆ ಅದೇ ಸೀನು ನನ್ನ ಫೋನಿನಲ್ಲಿ ಬಂತು. ನಾನು ಬಿದ್ದು ಬಿದ್ದು ನಕ್ಕು ಹೇಳಿದೆ. ಇವರು ನಗಲಿಲ್ಲ.

“ಅಂದ್ರೆ ನನ್ನ ಎಂಟು ಗಂಟೇನೂ ತಡವಾಗಿ ಹೋಗ್ತಿದೆಯಾ?”

ಮರುದಿನದಿಂದ ಅರ್ಧ ನಿಮಿಷ ಮೊದಲೇ ಎಂಟು ಹೊಡೆಸಿದರು. ನನ್ನ ಫೋನಿಗೆ ಸರಿಹೋಯಿತು, ಪಕ್ಕದ ಮನೆಯ ಫೋನಿಗೆ ಇಲ್ಲ. ತಂಗಿಯನ್ನು ಕೇಳಿದರೆ, “ಒಂದೊಂದು ಫೋನಿಗೆ ಒಂದೊಂದು ಥರ ತಡ ಭಾವ. ಯಾರೂ ಏನೂ ಮಾಡಕ್ಕಾಗಲ್ಲ” ಎಂದುಬಿಟ್ಟಳು.

“ಹಾಗಾದ್ರೆ ದಿನಾ ಅಷ್ಟು ಜನಕ್ಕೆ ಸುಳ್ಳು ಹೇಳ್ತಿದ್ದೀನಿ” ಎಂದರು ಇವರು.

ಸಮಯ ಹೇಳುವುದನ್ನೇ ಬಿಟ್ಟರು. ಅದರ ಹಿಂದೆಯೇ ಹುರುಪೂ ಹೋಯಿತು. ಶುಕ್ರವಾರವೇ ಕೊನೆಯ ಪ್ರಸಾರ ಎಂದು ಘೋಷಿಸಿ ಹೊರಬಂದವರಿಗೆ ಕಾಫಿ ಕೊಟ್ಟೆ. ಹ್ಞೂಂ ಎಂದರು. ಆ ಹ್ಞೂಂ ಜೊತೆ ಇನ್ನೊಂದು ಸಲ ಸಂಸಾರ ಮಾಡುವ ಶಕ್ತಿ ನನಗಿರಲಿಲ್ಲ.

ಶುಕ್ರವಾರ ನಾನೂ ಕೋಣೆಯಲ್ಲೇ ಕೂತೆ. ಹಾಡು ಹೋಗುತ್ತಿರುವಾಗ ಫೋನು ಬಂತು, ಎತ್ತಿ ಸ್ಪೀಕರಿಗೆ ಹಾಕಿದೆ. ಕರೆ ಮಾಡಿದವನು ಸರಕು ಹಡಗಿನ ಅಡುಗೆಯವನಂತೆ.

“ಮುಚ್ಚೋದು ನಿಮ್ಮಿಷ್ಟ ಸಾರ್. ಆದ್ರೆ ಟೈಮ್ ಹೇಳೋದು ಯಾಕೆ ಬಿಟ್ರಿ?”

“ಅದು ತಪ್ಪು ಟೈಮಪ್ಪಾ. ತಡವಾಗಿ ತಲುಪುತ್ತೆ.”

“ಎಷ್ಟು ತಡ ಅಂತ ಯಾರು ಕೇಳಿದ್ರು ಸಾರ್? ಇಲ್ಲಿನ ಟೈಮಿಗೆ ಗೋಡೆ ಮೇಲೆ ಗಡಿಯಾರ ಇದೆ, ಹಡಗು ಮುಂದೆ ಹೋದ ಹಾಗೆ ಅದನ್ನೂ ತಿರುಗಿಸ್ತಾ ಇರ್ತಾರೆ. ಊರಲ್ಲಿ ಎಂಟಾಯ್ತು ಅಂತ ನೀವಂದ್ರೆ, ನನ್ನ ಮಗಳು ಈಗ ಚಪ್ಪಲಿ ಹುಡುಕ್ತಿದ್ದಾಳೆ, ಸ್ಕೂಲಿಗೆ ಲೇಟಾಯ್ತು ಅಂತ ಅವಳಮ್ಮ ಬೈತಿದ್ದಾಳೆ ಅಂತ ಕಣ್ಣಿಗೆ ಕಟ್ಟುತ್ತೆ. ಅರ್ಧ ನಿಮಿಷದಲ್ಲಿ ಅವಳೇನು ಕಾಲೇಜಿಗೆ ಹೋಗಿಬಿಡ್ತಾಳಾ?”

ಅಷ್ಟರಲ್ಲಿ ಹಾಡು ಮುಗಿಯಿತು. ಪ್ರಸಾರದಲ್ಲಿ ಮೌನ ಬಿಡುವುದು ಇವರ ಮಟ್ಟಿಗೆ ಮಹಾಪರಾಧ. ಅವತ್ತು ಬಿಟ್ಟರು. ಆಮೇಲೆ ಮೈಕು ಹತ್ತಿರ ಎಳೆದುಕೊಂಡು, ಗಡಿಯಾರ ನೋಡದೆ ನನ್ನ ಮುಖ ನೋಡಿದರು.

“ಊರಿನಲ್ಲಿ ಈಗ ಸಮಯ, ಹೆಚ್ಚು ಕಡಿಮೆ ಎಂಟು ಗಂಟೆ. ಶಾಲೆಗೆ ಹೋಗುವವರು ಬೇಗ ಚಪ್ಪಲಿ ಹುಡುಕಿಕೊಳ್ಳಿ. ನಾಳೆ ಮತ್ತೆ ಹೇಳುತ್ತೇನೆ.”

ನಾಳೆ ಎಂದರು. ಮೈಕಿಗೆ ಕೇಳಿಸದಿರಲಿ ಎಂದು ನಾನು ಗೋಡೆಯ ಕಂಬಳಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ.