ಮಂಗಳೂರಿನ ಲೋಡು

"ಅಯ್ಯೋರೆ, ನನ್ ಬಾಗ್ಲಿಗೂ ನೀವೇ ಸೀಲ್ ಹಾಕ್ಬುಡಿ. ನಿಮ್ ಕೈಗುಣ ಚೆನ್ನಾಗೈತೆ," ಎಂದು ಅಂಜನಪ್ಪ ತನ್ನ ಕಂಟೇನರಿನ ಬಾಗಿಲಿಗೆ ಹಾಕುವ, ನಂಬರು ಕೊರೆದ ಉಕ್ಕಿನ ಸೀಲನ್ನು ವೀರಭದ್ರಯ್ಯನ ಅಂಗೈಯಲ್ಲಿಟ್ಟ. ವೀರಭದ್ರಯ್ಯ ಸೀಲು ಹಾಕಿದ ಲೋಡು ದಾರಿಯಲ್ಲಿ ಕೆಟ್ಟು ನಿಲ್ಲುವುದಿಲ್ಲವೆಂದು ಈ ಕಡೆಯ ಲಾರಿಯವರೆಲ್ಲ ನಂಬಿದ್ದರು.

ವೀರಭದ್ರಯ್ಯನಿಗೆ ಮಾತ್ರ ಮೈಯೆಲ್ಲ ಉರಿಯಿತು. ಶಿರಾದ ತನ್ನ ಲಾರಿ ಆಫೀಸಿನಲ್ಲಿ ಹತ್ತು ವರ್ಷ ಕೆಲಸ ಕಲಿತು, ಪಾವಗಡದಲ್ಲಿ ಸ್ವಂತ ಬೋರ್ಡು ಹಾಕಿಕೊಂಡವನು ಈ ಅಂಜನಪ್ಪ. ದೊಡ್ಡೇರಿಯ ಈ ಮಿಡಿಸೌತೆ ಕಾರ್ಖಾನೆಯ ಡ್ರಮ್ಮುಗಳು ಮೊದಲೆಲ್ಲ ವೀರಭದ್ರಯ್ಯನ ಲಾರಿಗಳಲ್ಲೇ ಮಂಗಳೂರು ಬಂದರಿಗೆ ಹೋಗುತ್ತಿದ್ದವು. ಮೂರು ವರ್ಷದ ಹಿಂದೆ ಅಂಜನಪ್ಪ ಎಲ್ಲವನ್ನೂ ಚೆನ್ನೈ ಬಂದರಿಗೆ ತಿರುಗಿಸಿಕೊಂಡ. ಉಂಡೂ ಹೋದ, ಕೊಂಡೂ ಹೋದ ಎಂದು ವೀರಭದ್ರಯ್ಯ ಶಿರಾದ ಹೋಟೆಲುಗಳಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಈಗ ಹಾಗೆ ಚೆನ್ನೈಗೆ ಕೈತಪ್ಪಿದ ಸರಕನ್ನು ಮರಳಿ ಸೆಳೆಯಲು ಮಂಗಳೂರಿನಿಂದ ಹೊಸ ಹಡಗೊಂದು ಹೊರಡುತ್ತಿತ್ತು. ಆರು ತಿಂಗಳು ಎಡತಾಕಿದ ಮೇಲೆ ಕಾರ್ಖಾನೆಯ ಯಜಮಾನಿ ಲೋಹಿತಾ ವೀರಭದ್ರಯ್ಯನಿಗೆ ಒಂದೇ ಒಂದು ಲೋಡು ಕೊಟ್ಟಿದ್ದಳು. ನಾಳೆ ಬೆಳಿಗ್ಗೆಯೊಳಗೆ ಅದು ಬಂದರಿನ ಗೇಟು ದಾಟಿದರೆ ಇನ್ನು ಮುಂದೆ ಅರ್ಧ ಸರಕು ಮಂಗಳೂರಿಗೆ. ತಪ್ಪಿದರೆ ಎಲ್ಲವೂ ಚೆನ್ನೈಗೇ.

ಅಷ್ಟರಲ್ಲಿ ಲೋಹಿತಾ ಅಂಜನಪ್ಪನಿಗೆ ಏನೋ ಹೇಳಿ ನಕ್ಕಳು. ತನ್ನೊಡನೆ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತು! ಮೊದಲು ಹೊರಡಬೇಕಾದದ್ದು ತನ್ನ ಲಾರಿಯೇ ಎಂದು ವೀರಭದ್ರಯ್ಯ ದಡದಡ ಹೋಗಿ, ತನ್ನ ಕಂಟೇನರಿನ ಬಾಗಿಲೆಳೆದು, ಕೈಯಲ್ಲಿದ್ದ ಸೀಲನ್ನು ಒತ್ತಿದ. ಟಕ್ ಎಂದು ಕೂತಿತು. ಜೇಬು ಮುಟ್ಟಿಕೊಂಡರೆ ತನ್ನ ಸೀಲು ಅಲ್ಲೇ ಇತ್ತು.

ಬಾಗಿಲಿಗೆ ಬಿದ್ದದ್ದು ಅಂಜನಪ್ಪನ ಸೀಲು. ಕಾಗದದ ನಂಬರಿಗೆ ತಾಳೆಯಾಗದ ಕಂಟೇನರನ್ನು ಬಂದರಿನೊಳಗೆ ಬಿಡುವುದಿಲ್ಲ. ಹಾಕಿದ್ದನ್ನು ಕತ್ತರಿಸಿಯೇ ತೆಗೆಯಬೇಕು; ಕತ್ತರಿಸಿದ ಸೀಲು ಮತ್ತೆ ಕೂರುವುದಿಲ್ಲ. ಆಮೇಲೆ ಅಂಜನಪ್ಪನಿಗೆ ಹೊಸ ಸೀಲು, ಹೊಸ ಕಾಗದ, ಎರಡು ದಿನ. ಅಷ್ಟರಲ್ಲಿ ಅವನ ಹಡಗು ಹೋಗಿರುತ್ತದೆ.

"ಬೇಕೂಂತ್ಲೇ ಮಾಡಿದ್ರಾ ಸರ್?" ಎಂದಳು ಲೋಹಿತಾ, ಹತ್ತಿರ ಬಂದು ಸೀಲಿನ ನಂಬರು ನೋಡಿ.

"ಇಲ್ಲ ಕಣಮ್ಮಾ..." ಎಂದ ವೀರಭದ್ರಯ್ಯ. ಆಣೆ ಇಡಲು ಬಾಯಿ ಬರಲಿಲ್ಲ.

"ಅಯ್ಯೋರು ಅಂಗೆಲ್ಲ ಮಾಡೋರಲ್ಲ ಮೇಡಂ," ಎಂದ ಅಂಜನಪ್ಪ. ತನ್ನ ಲಾರಿಯಿಂದ ಉದ್ದ ಹಿಡಿಯ ಕಟ್ಟರ್ ತಂದು, ತನ್ನ ಸೀಲನ್ನು ತಾನೇ ಕತ್ತರಿಸಿದ. "ಏಂ ಕಾದು ಬುಡಿ, ಏನೂ ಆಗಕಿಲ್ಲ. ನಂದು ಮುಂದಿನ್ ಹಡ್ಗಿಗೆ ಹೋಗ್ತದೆ. ನೀವ್ ಹೊರಡಿ ಅಯ್ಯೋರೆ, ಹೊತ್ತಾಯ್ತದೆ."

ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು. ವೀರಭದ್ರಯ್ಯ ತನ್ನ ಸೀಲು ಹಾಕಿದ. ಇಷ್ಟು ದಿನ ಅಂಜನಪ್ಪನ ಸರಕಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಅವನ ದೊಡ್ಡತನದ ಮೇಲೆ ತಿರುಗಿತ್ತು. ಸರಕಿನಂತೆ ಆ ದೊಡ್ಡತನವನ್ನು ಯಾವ ಬಂದರಿನಿಂದಲೂ ತನ್ನ ಕಡೆಗೆ ತರುವಂತಿರಲಿಲ್ಲ.

ಡ್ರೈವರು ಎಂಜಿನ್ ಚಾಲೂ ಮಾಡಿದ. ಗೇಟಿಗೆ ಅಡ್ಡ ನಿಂತಿದ್ದ ತನ್ನ ಲಾರಿಯನ್ನು ಅಂಜನಪ್ಪ ಗೇಣು ಗೇಣೇ ಹಿಂದಕ್ಕೆ ಸರಿಸಿ, ಮಂಗಳೂರಿನ ಲೋಡಿಗೆ ದಾರಿ ಬಿಡುತ್ತಿದ್ದ.